ಬೆಲ್ಲವಿಲ್ಲದ ಮನೆಯ ಇರುವೆಗಳು

ಇವತ್ತು ಬೆಳಿಗ್ಗೆ ನನ್ನ ಕೋಣೆಗೆ ಇರುವೆ ಬಂದಿದೆ. ಕಿಟಕಿಯ ಮೂಲೆಯಿಂದ ಇಳಿದು, ಗೋಡೆ ಹಿಡಿದು ಬಂದು, ಮಂಚದ ಕಾಲಿನ ಹತ್ತಿರ ತಿರುಗಿ ಅಡಿಗೆ ಹೋಗುತ್ತಿದೆ. ಸಣ್ಣ ಕೆಂಪು ಇರುವೆ. ಕಚ್ಚುವುದು ಕಡಿಮೆ, ಹುಡುಕುವುದು ಹೆಚ್ಚು. ಕಸ ಗುಡಿಸಲು ಬಂದ ಸೊಸೆ ಶಶಿ ನೋಡಿದಳು.

"ಅತ್ತೆ, ಇರುವೆ ಉಂಟು ಇಲ್ಲಿ. ಚಾಕ್ ತಂದು ಗೆರೆ ಎಳೀತೇನೆ."

"ಈಗ ಬೇಡ. ಮೊದಲು ಅದು ಎಲ್ಲಿಗೆ ಹೋಗ್ತದೆ ಅಂತ ನೋಡ್ಬೇಕು. ಇರುವೆ ಸುಮ್ಮನೆ ತಿರುಗಾಡುವ ಪ್ರಾಣಿ ಅಲ್ಲ."

"ಹಾಗಾದ್ರೆ ನೀವೇ ನೋಡಿ. ನನಗೆ ಒಲೆಯಲ್ಲಿ ಹಾಲುಂಟು."

ಅವಳು ಹೋದಳು. ನಾನು ನೋಡಲಿಲ್ಲ. ಅದು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತುಂಟು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಬೇರೆ ಇರುವೆಗಳ ಕಥೆ ಆಗಬೇಕು.

ಬರೆಯುವವಳು ಎಷ್ಟು ಓದಿದವಳು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪುತ್ತಿಗೆಯ ಶಾಲೆಯಲ್ಲಿ ಮೂರನೇ ಕ್ಲಾಸು. ನಾಲ್ಕನೆಯದಕ್ಕೆ ಹೋಗಲಿಲ್ಲ, ಮನೆಯಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಿತ್ತು. ಅಕ್ಷರ ಗುಂಡಗೆ ಬರುತ್ತದೆ. ಒತ್ತಕ್ಷರವನ್ನು ಮೊಮ್ಮಗಳು ತಿದ್ದಿಕೊಡುತ್ತಾಳೆ. ಇದನ್ನು ಮಾತ್ರ ಅವಳಿಗೆ ತೋರಿಸುವುದಿಲ್ಲ, ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ಬೈಗಳು ಕನ್ನಡಕ್ಕೆ ಬರುವಾಗ ಸ್ವಲ್ಪ ತೊಳೆದ ಹಾಗೆ ಆಗುತ್ತದೆ. ಅದಕ್ಕೆ ನಾನು ಏನೂ ಮಾಡಲಿಕ್ಕಿಲ್ಲ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ವಾಮದಪದವಿನಲ್ಲಿ ರಸ್ತೆಗೆ ತಾಗಿಯೇ ನಮ್ಮ ಮನೆ. ಇವರು, ಅಂದರೆ ನನ್ನ ಗಂಡ, ವೇಣೂರಿನಿಂದ ಮಂಗಳೂರಿಗೆ ಹೋಗುವ ಬಸ್ಸಿನ ಡ್ರೈವರು. ಅವರ ಹೆಸರು ಹೇಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಅವರು ಹೋದ ಮೇಲೆ ಹೊಸದಾಗಿ ಕಲಿಯುವುದೂ ಇಲ್ಲ. ನಾನು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ. ನನ್ನ ಅತ್ತೆ, ಇವರ ತಾಯಿ, ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿ, ಮರದ ಎಲೆ-ಅಡಿಕೆ ಪೆಟ್ಟಿಗೆಯನ್ನು ತೊಡೆಗೆ ಒತ್ತಿಕೊಂಡು, ರಸ್ತೆಯಲ್ಲಿ ಹೋಗುವವರನ್ನೆಲ್ಲ ವಿಚಾರಿಸುತ್ತಿದ್ದರು. ಮಗಳು ವಾರಿಜಳಿಗೆ ಆಗ ಆರು ವರ್ಷ. ಮಗ ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ.

ಆ ವರ್ಷ ವಾರಿಜ ನೀರು ಕುಡಿಯಲು ಸುರು ಮಾಡಿದಳು. ಕುಡಿಯುವುದೆಂದರೆ ನೀವು ನಾನು ಕುಡಿದ ಹಾಗಲ್ಲ. ಬಾವಿಯಿಂದ ತಂದ ಕೊಡವನ್ನು ಕೆಳಗಿಡುವ ಮೊದಲೇ ಚೆಂಬು ಹಿಡಿದು ನಿಲ್ಲುತ್ತಿದ್ದಳು. ಕುಡಿದಷ್ಟೂ ಹೊರಗೆ ಓಡುತ್ತಿದ್ದಳು. ಎರಡು ಜನರ ಊಟ ಮಾಡುತ್ತಿದ್ದಳು, ಆದರೂ ಕೈಕಾಲು ಬೀಡಿಯಷ್ಟು ಸಪೂರ ಆಯಿತು.

ಒಂದು ದಿನ ಅತ್ತೆ ಹೇಳಿದರು: "ಮಗು ಅಂಗಳದಲ್ಲಿ ಕೂತು ಎದ್ದಲ್ಲಿಗೆ ಇರುವೆ ಬರ್ತದೆ. ಇದು ಒಳ್ಳೆದಲ್ಲ."

"ಬಂದ್ರೆ ಬರ್ಲಿ. ಅದಕ್ಕೂ ಹೊಟ್ಟೆ ಉಂಟಲ್ಲ," ಎಂದೆ.

ಅತ್ತೆ ಹೇಳಿದ್ದನ್ನು ಮೊದಲನೆಯ ಸಲಕ್ಕೇ ಒಪ್ಪಿದರೆ ಸೊಸೆಯೆಂಬ ಹೆಸರಿಗೇ ಅವಮಾನವೆಂದು ತಿಳಿದಿದ್ದ ಕಾಲ ಅದು. ಈಗ ಶಶಿಯೂ ಹಾಗೆಯೇ ಇದ್ದಾಳೆ, ನನಗೆ ಬೇಸರ ಇಲ್ಲ. ಮೂರು ದಿನ ಕಳೆದು ಮಗು ಏಳಲೇ ಇಲ್ಲ. ಉಸಿರು ಗರಗಸ ಎಳೆದ ಹಾಗೆ, ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ. ಇವರ ಬಸ್ಸು ಬರುವಾಗ ನಾನು ಮಗುವನ್ನು ಹೆಗಲಿಗೆ ಹಾಕಿ ರಸ್ತೆಯ ನಡುವೆ ನಿಂತೆ. ಇವರು ನಿಲ್ಲಿಸಿದರು, ಅತ್ತೆಯೂ ನನ್ನ ಹಿಂದೆಯೇ ಹತ್ತಿದರು. ಬಂಟ್ವಾಳ ದಾಟಿದ ಮೇಲೆ ಬಸ್ಸು ಎಲ್ಲಿಯೂ ನಿಲ್ಲಲಿಲ್ಲ. ಬಿ.ಸಿ. ರೋಡಿನಲ್ಲಿ ಇಳಿಯಬೇಕಾದವರನ್ನೂ ಫರಂಗಿಪೇಟೆಯಲ್ಲಿ ಇಳಿಯಬೇಕಾದವರನ್ನೂ ಹೊತ್ತುಕೊಂಡು ಮಂಗಳೂರಿಗೇ ಹೋಯಿತು. ಜನ ಬೊಬ್ಬೆ ಹೊಡೆದರು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಎದ್ದು ನಿಂತು, "ಯಾರಿಗೆ ಇಳಿಲಿಕ್ಕುಂಟೋ ಅವರು ಹಾರಿ!" ಎಂದರು. ಯಾರೂ ಹಾರಲಿಲ್ಲ.

ಆಸ್ಪತ್ರೆಯಲ್ಲಿ ಮೂರು ವಾರ. ಮಗು ಬದುಕಿತು. ಡಾಕ್ಟರು ನನ್ನನ್ನು ಕರೆದು ಕೂರಿಸಿ, ಇದು ಸಕ್ಕರೆ ಕಾಯಿಲೆ, ಮಕ್ಕಳಿಗೆ ಬರುವ ಜಾತಿ, ಗುಣ ಆಗುವುದಲ್ಲ, ದಿನಾ ಇನ್ಸುಲಿನ್ ಸೂಜಿ ಚುಚ್ಚಬೇಕು, ಬದುಕಿರುವವರೆಗೆ, ಎಂದರು.

"ಎಷ್ಟು ವರ್ಷ ಬದುಕ್ತಾಳೆ?" ಎಂದು ಕೇಳಿದೆ.

"ನೀವು ಎಷ್ಟು ವರ್ಷ ಸರಿಯಾಗಿ ನೋಡಿಕೊಳ್ತೀರೋ ಅಷ್ಟು."

"ಹಾಗಾದ್ರೆ ಕಲಿಸಿ."

ನಾನು ಅಳುತ್ತೇನೆಂದು ಡಾಕ್ಟರು ಕಾದಿದ್ದಿರಬೇಕು. ಅಳಬಾರದೆಂದು ಏನಿಲ್ಲ, ಹೊತ್ತು ಸಿಗಲಿಲ್ಲ ಅಷ್ಟೇ.

ಕಲಿಸಿದವಳು ಮೂಡಬಿದ್ರೆ ಕಡೆಯ ಒಬ್ಬ ನರ್ಸು ಬಾಯಿ, ಚಂದದ ತುಳು ಮಾತಾಡುತ್ತಿದ್ದಳು. ಗಾಜಿನ ಸಿರಿಂಜನ್ನು ಕುದಿಸುವುದು, ಸೂಜಿಯ ಮೊನೆಯನ್ನು ನುಣುಪಾದ ಕಲ್ಲಿಗೆ ಉಜ್ಜಿ ಹರಿತ ಮಾಡುವುದು, ಗೆರೆ ನೋಡಿ ಮದ್ದು ಎಳೆಯುವುದು. ಮೊದಲು ಬದನೆಕಾಯಿಗೆ ಚುಚ್ಚಿಸಿದಳು. ಹತ್ತು ಬದನೆಕಾಯಿ ಆಗುವಾಗ, "ಸಾಕು, ನಿಮ್ಮ ಕೈ ನನ್ನದಕ್ಕಿಂತ ಗಟ್ಟಿ ಉಂಟು," ಎಂದಳು. ಬೀಡಿ ಕಟ್ಟಿದ ಬೆರಳು, ನಡುಗಿದರೆ ಎಲೆ ಹರಿಯುತ್ತದೆ. ಮಗುವಿಗೆ ಮೊದಲ ಸಲ ಚುಚ್ಚುವಾಗಲೂ ನಡುಗಲಿಲ್ಲ. ವಾರಿಜ ಬೊಬ್ಬೆ ಹೊಡೆದಳು. "ಬೊಬ್ಬೆ ಹೊಡಿ, ಕಾಲು ಮಾತ್ರ ಅಲ್ಲಾಡಿಸ್ಬೇಡ," ಎಂದೆ. ಆ ಒಪ್ಪಂದ ನಮ್ಮಿಬ್ಬರ ನಡುವೆ ಬಹಳ ವರ್ಷ ನಡೆಯಿತು.

ಹೊರಡುವ ದಿನ ನರ್ಸು ಬಾಯಿ ಎರಡು ಮಾತು ಹೇಳಿದಳು. ಮೊದಲನೆಯದು, ಬೆಲ್ಲ, ಸಕ್ಕರೆ, ಪಾಯಸ, ಸಿಹಿಯೆಂಬುದೇ ಮಗುವಿಗೆ ಕೊಡಬಾರದು. ಎರಡನೆಯದು, ಮಗು ಬೆವರಿದರೆ, ನಡುಗಿದರೆ, ಮಾತು ತೊದಲಿದರೆ, ಕಾರಣವಿಲ್ಲದೆ ಸಿಟ್ಟು ಮಾಡಿದರೆ, ಅದು ಮೈಯಲ್ಲಿ ಸಕ್ಕರೆ ತೀರಾ ಇಳಿದದ್ದು. ಆಗ ಒಂದು ಗಳಿಗೆ ಯೋಚನೆ ಮಾಡದೆ ಬಾಯಿಗೆ ಬೆಲ್ಲ ಹಾಕಬೇಕು, ತಡ ಮಾಡಿದರೆ ಮಗು ಉಳಿಯುವುದಿಲ್ಲ. ಎರಡನ್ನೂ ತುಳುವಿನಲ್ಲಿಯೇ ಹೇಳಿದಳು. ವಾರಿಜ ಕೇಳಿದಳು, ನಾನು ಕೇಳಿದೆ. ಅತ್ತೆ ಕಿಟಕಿಯ ಕೆಳಗೆ ಕೂತು ಪೆಟ್ಟಿಗೆ ತೆರೆದು ಸುಣ್ಣ ಹುಡುಕುತ್ತಿದ್ದರು. ಅವರು ಕೇಳಿದರೋ ಇಲ್ಲವೋ ನಾನು ನೋಡಲಿಲ್ಲ.

ಈಗ ನಮ್ಮ ಕಡೆಯ ಒಂದು ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥ ಆಗಲಿಕ್ಕಿಲ್ಲ. ಯಾರೇ ಮನೆಯ ಮೆಟ್ಟಿಲು ಹತ್ತಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದವರು ಯಾರು, ಯಾಕೆ ಬಂದರು ಎಂದು ಕೇಳುವುದೂ ಅದರ ಮೇಲೆಯೇ. ಬಡವರಾದರೂ ಸರಿ, ಜಗಳಕ್ಕೇ ಬಂದವರಾದರೂ ಸರಿ. ಬೆಲ್ಲ ಬೇಡವೆಂದರೆ ಮನೆಯೇ ಬೇಡವೆಂದ ಹಾಗೆ. ಮಕ್ಕಳಿಗಂತೂ ಇದು ಸುಗ್ಗಿ. ಶಾಲೆಯಿಂದ ಬರುವ ಮಗು ನಾಲ್ಕು ಮನೆಗೆ ನೀರು ಕೇಳಿಕೊಂಡು ಹತ್ತಿದರೆ ನಾಲ್ಕು ತುಂಡು ಬೆಲ್ಲ. ಮನೆಮನೆಯಲ್ಲಿ ಬೆಲ್ಲದ ಡಬ್ಬಿ ಬಾಗಿಲಿನ ಹತ್ತಿರವೇ ಇರುತ್ತಿದ್ದ ಊರಿನಲ್ಲಿ ನಾನು ಈ ಮಗುವನ್ನು ಬೆಳೆಸಬೇಕು.

ಮೊದಲ ತಿಂಗಳಲ್ಲೇ ವಾರಿಜ ಎರಡು ಸಲ ನಮ್ಮ ಡಬ್ಬಿಯಿಂದ ಬೆಲ್ಲ ಕದ್ದಳು. ನನಗೆ ಗೊತ್ತಾದದ್ದು ಹೇಗೆಂದರೆ ಮೂತ್ರ ಕುದಿಸಿ. ಅದೂ ನರ್ಸು ಬಾಯಿ ಕಲಿಸಿದ್ದೇ. ಗಾಜಿನ ನಳಿಗೆಯಲ್ಲಿ ಒಂದು ನೀಲಿ ಮದ್ದು, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಹಿಡಿಯಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು. ನಮ್ಮ ಮಂಗಳೂರು ಹಂಚಿನ ಬಣ್ಣ ಬಂತೋ, ಮಗು ಎಲ್ಲಿಯೋ ಕೈ ಹಾಕಿದೆ. ಎರಡು ಸಲವೂ ಹಂಚಿನ ಬಣ್ಣ. ಎರಡನೆಯ ಸಲ ನಾನು ಡಬ್ಬಿಯನ್ನೇ ಎತ್ತಿ ದನದ ಬಾನಿಗೆ ಸುರಿದೆ. "ಇನ್ನು ಈ ಮನೆಗೆ ಬೆಲ್ಲ ಬರ್ಲಿಕ್ಕಿಲ್ಲ. ಕಾಫಿ ಕುಡಿಯುವವರು ಕಹಿ ಕುಡೀಬೇಕು. ಬೇಕಾಗಿ ಬಂದ್ರೆ ಎದುರಿಗೇ ಮೋನು ಬ್ಯಾರಿಯ ಅಂಗಡಿ ಉಂಟು, ಹತ್ತು ಹೆಜ್ಜೆ," ಎಂದೆ.

ಇವರಿಗೇನೂ ತೊಂದರೆ ಆಗಲಿಲ್ಲ. ಇವರಿಗೆ ಮಂಗಳೂರಿನ ಹೋಟೆಲಿನಲ್ಲಿ ಸಕ್ಕರೆ ಹಾಕಿದ ಕಾಫಿ ಸಿಗುತ್ತಿತ್ತು. ಅತ್ತೆಯ ಮುಖ ಮಾತ್ರ ಹಲಸಿನ ಸಿಪ್ಪೆಯ ಹಾಗೆ ಆಯಿತು. "ಮೂತ್ರ ಕುದಿಸುವ ಮನೆ! ಕಾಫಿಗೆ ಬೆಲ್ಲ ಇಲ್ಲದ ಮನೆ! ನಾನು ಎಂಥ ಪಾಪ ಮಾಡಿದ್ದೆನೋ!" ಎಂದು ರಸ್ತೆಯಲ್ಲಿ ಹೋಗುವವರಿಗೆ ಕೇಳುವ ಹಾಗೆ ಹೇಳಿದರು.

ಆಮೇಲೆ ನಾನು ಊರು ಸುತ್ತಲು ಹೊರಟೆ. ನಮ್ಮ ಮನೆಯಿಂದ ಶಾಲೆಯವರೆಗೆ ಹದಿನಾಲ್ಕು ಮನೆ. ಒಂದೊಂದಕ್ಕೂ ಹತ್ತಿ, ಅವರು ಕೊಟ್ಟ ಬೆಲ್ಲವನ್ನು ಮುಟ್ಟದೆ, ನಿಂತೇ ಹೇಳಿದೆ: "ನನ್ನ ಮಗುವಿಗೆ ಬೆಲ್ಲ ಕೊಟ್ರೆ ವಿಷ ಕೊಟ್ಟ ಹಾಗೆ. ಅವಳು ಬೇಡಿದ್ರೂ ಕೊಡ್ಬಾರ್ದು, ಅತ್ರೂ ಕೊಡ್ಬಾರ್ದು."

ಎರಡನೆಯ ಮಾತು ನಾನು ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹೇಳಲಿಲ್ಲ. ನನ್ನ ಯೋಚನೆ ಹೀಗಿತ್ತು: ಊರಿನವರಿಗೆ ಎರಡು ಮಾತು ಹೇಳಿದರೆ ತಮಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುತ್ತಾರೆ. ನಡುಗಿದರೆ ಬೆಲ್ಲ ಕೊಡಬಹುದು ಎಂದರೆ ಸಾಕು, ನಾಳೆಯಿಂದ ಹದಿನಾಲ್ಕು ಮನೆಯ ಹೆಂಗಸರಿಗೂ ನನ್ನ ಮಗು ನಡುಗುವುದೇ ಕಾಣುತ್ತದೆ. ಕೊಡುವ ಕೈಗೆ ಒಂದು ನೆವ ಸಾಕು. ಅದಕ್ಕೆ ಒಂದೇ ಮಾತು, ಗಟ್ಟಿ ಮಾತು. ಆ ಬುದ್ಧಿಗೆ ನನಗೆ ನಾನೇ ಶಹಭಾಸ್ ಕೊಟ್ಟುಕೊಂಡಿದ್ದೆ.

ನಮ್ಮಿಂದ ಐದನೆಯ ಮನೆ ದೇಜಕ್ಕನದು. ಎರಡು ಎಮ್ಮೆ ಸಾಕಿ, ಪದವಿನ ಹೋಟೆಲಿಗೆ ಹಾಲು ಹಾಕುತ್ತಿದ್ದಳು. ದೊಡ್ಡ ಜೀವ, ದೊಡ್ಡ ಸ್ವರ. ಅವಳಿಗೆ ನನ್ನ ಮಾತು ತಲೆಗೆ ಹೋಗಲಿಲ್ಲ. ಎರಡು ವಾರ ಕಳೆದು ಒಂದು ದಿನ ಮೂತ್ರ ಹಂಚಿನ ಬಣ್ಣ ಬಂತು. ವಾರಿಜಳ ಕಿವಿ ಹಿಂಡಿದೆ. "ದೇಜಕ್ಕ ಕೊಟ್ರು, ಒಂದೇ ತುಂಡು," ಎಂದಳು. ನಾನು ನೆಟ್ಟಗೆ ಹೋಗಿ ದೇಜಕ್ಕನ ಅಂಗಳದಲ್ಲಿ ನಿಂತು, ಅವಳ ಏಳು ತಲೆಮಾರಿನವರನ್ನು ಎಬ್ಬಿಸಿ, ಒಬ್ಬೊಬ್ಬರನ್ನಾಗಿ ಬೈದು ಪುನಃ ಮಲಗಿಸಿದೆ. ಆರು ತಿಂಗಳು ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಬೆಲ್ಲ ಕೊಡುವುದು ಊರಿಡೀ ನಿಂತಿತು. ನನಗೆ ಮಾತು ಬೇಕಾಗಿರಲಿಲ್ಲ, ನೀಲಿ ಬಣ್ಣ ಬೇಕಿತ್ತು.

ಎರಡು ವರ್ಷ ಚಂದದಲ್ಲಿ ನಡೆಯಿತು. ಹೌದು, ಚಂದದಲ್ಲಿಯೇ. ನೋಡಿದವರು "ಅಯ್ಯೋ ಪಾಪ, ಹೆಣ್ಣುಮಗು, ಮುಂದೆ ಯಾರು ಮದುವೆ ಆಗ್ತಾರೆ?" ಎನ್ನುತ್ತಿದ್ದರು. "ನಿಮ್ಮ ಮಗಳನ್ನು ಆದವನಿಗಿಂತ ಒಳ್ಳೆಯವನು," ಎಂದರೆ ಸುಮ್ಮನಾಗುತ್ತಿದ್ದರು. ಬೆಳಿಗ್ಗೆ ಒಂದು ಸೂಜಿ. ಮದ್ದಿನ ಶೀಸೆ ಇವರ ಬಸ್ಸಿನಲ್ಲಿ ಮಂಗಳೂರಿನಿಂದ ಬರುತ್ತಿತ್ತು. ನೀರಿನ ಮಡಕೆಗಳ ನಡುವೆ ಒಂದು ಕುಡಿಕೆಯಲ್ಲಿ ಒದ್ದೆ ಹೊಯಿಗೆ, ಅಂದರೆ ಮರಳು, ಹಾಕಿ ಅದರೊಳಗೆ ಶೀಸೆ ಹೂತಿಡುತ್ತಿದ್ದೆ, ತಂಪಾಗಿರಲಿ ಎಂದು. ಅನ್ನ ಅಳೆಯಲು ಒಂದೇ ಗೆರಟೆ, ತೆಂಗಿನ ಚಿಪ್ಪಿನದು, ಅದರ ತುಂಬ ಒಂದು ಸಲ. ಹೆಚ್ಚು ಕೇಳಿದರೆ ಬಸಳೆ ಪದಾರ್ಥ, ಮೀನು. ಒಂದೆರಡು ಸಲ ಹಸಿವಾಗಿ ಸ್ವಲ್ಪ ನಡುಗಿದ್ದಳು. ಗಂಜಿ ಬೇಗ ಬಡಿಸಿದೆ, ಸರಿಯಾಯಿತು. ಎರಡನೆಯ ಮಾತು ಇಷ್ಟೇಯೋ ಎಂದುಕೊಂಡೆ.

ಆ ನಡುವೆ ಒಂದು ಚೋದ್ಯ ಆಯಿತು. ಬೆಲ್ಲವಿಲ್ಲದ ನಮ್ಮ ಮನೆಯ ಜಗಲಿಗೆ ಇರುವೆ ಬಂತು. ಸಾಲು ನೆಟ್ಟಗೆ ಅತ್ತೆಯ ಚಾಪೆಗೆ.

"ಅತ್ತೆ, ನಿಮಗೂ ಇದೇ ಕಾಯಿಲೆ ಬಂತೋ ಏನೋ. ಇವತ್ತು ನಿಮ್ಮದನ್ನೂ ಕುದಿಸಿ ನೋಡುವ."

"ಎಂಥದನ್ನು?"

"ಅದನ್ನೇ."

"ನಿನ್ನ ತಲೆ ಕುದಿಸು! ಎಪ್ಪತ್ತು ವರ್ಷದಿಂದ ನಾನು ಯಾರಿಗೂ ತೋರಿಸಿದವಳಲ್ಲ!"

ವಾರಿಜ ಬಿದ್ದು ಬಿದ್ದು ನಕ್ಕಳು. ನಾನು ಬಿಡಲಿಲ್ಲ. ಮಾರನೆಯ ದಿನ ಅತ್ತೆ ಕಣ್ಣು ಮುಚ್ಚಿಕೊಂಡು ಒಂದು ಗೆರಟೆ ತಂದು ಮೆಟ್ಟಿಲಿನ ಮೇಲಿಟ್ಟು ಓಡಿದರು. ಕುದಿಸಿದೆ. ನೀಲಿ! ಆಕಾಶದ ಹಾಗೆ ನೀಲಿ. "ನೋಡಿದಿಯಾ? ನಾನು ಗಟ್ಟಿ ಉಂಟು," ಎಂದು ಅತ್ತೆ ಒಂದು ವಾರ ಬೀಗಿದರು. ಇರುವೆ ಯಾಕೆ ಬಂತೆಂದು ನಾನು ಮತ್ತೆ ಯೋಚಿಸಲಿಲ್ಲ. ಎಲೆಯ ಚೂರಿಗೆ ಬಂದದ್ದಿರಬೇಕು ಎಂದು ಗುಡಿಸಿ ಹಾಕಿದೆ.

ವಾರಿಜಳಿಗೆ ಎಂಟು ದಾಟಿತ್ತು. ಒಂದು ಶುಕ್ರವಾರ ಶಾಲೆಯಲ್ಲಿ ಶ್ರಮದಾನ. ಆ ಕಾಲದಲ್ಲಿ ಎಲ್ಲದಕ್ಕೂ ಶ್ರಮದಾನವೇ. ಆಟದ ಬಯಲು ಸಮ ಮಾಡಲು ಮಕ್ಕಳು ಕಲ್ಲು ಹೊರಬೇಕು. ಮಧ್ಯಾಹ್ನದ ಒಳಗೆ ಬಿಡುತ್ತಾರೆಂದು ಹೇಳಿದ್ದರಿಂದ ನಾನು ಬುತ್ತಿ ಕಟ್ಟಿಕೊಡಲಿಲ್ಲ, ಮನೆಗೆ ಬಂದೇ ಉಣ್ಣಲಿ ಎಂದು. ಬಿಟ್ಟದ್ದು ಒಂದೂವರೆ ಗಂಟೆಗೆ. ಬೆಳಿಗ್ಗೆ ಸೂಜಿ ಆಗಿದೆ, ಮಧ್ಯಾಹ್ನದ ಅನ್ನ ಆಗಿಲ್ಲ, ಅದರ ಮೇಲೆ ಕಲ್ಲು ಹೊತ್ತದ್ದು. ಈಗ ಬರೆಯುವಾಗ ಎಂಥ ಮೂರ್ಖರಿಗೂ ಕಾಣುವಷ್ಟು ಸ್ಪಷ್ಟ ಉಂಟು. ಆ ದಿನ ನನಗೆ ಕಾಣಲಿಲ್ಲ. ನಾನು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ.

ದಾರಿಯಲ್ಲಿ ಆದದ್ದನ್ನು ದೇಜಕ್ಕ ಹೇಳಿದ್ದು. ವಾರಿಜ ಅವಳ ಜಗಲಿಗೆ ಹತ್ತಿ ಕೂತಳಂತೆ. ಹಣೆಯಿಂದ ನೀರು ಇಳಿಯುತ್ತಿತ್ತಂತೆ.

"ದೇಜಕ್ಕ, ಸ್ವಲ್ಪ ಬೆಲ್ಲ ಕೊಡಿ."

"ಬೆಲ್ಲವಾ? ನಿನ್ನ ಅಮ್ಮ ನನ್ನನ್ನು ಹೂತು ಹಾಕ್ತಾಳೆ, ಮಾರಾಯ್ತಿ. ನೀರು ಕುಡಿ."

"ಈಗ ಕೊಡ್ಬೇಕು. ನರ್ಸು ಹೇಳಿದ್ದಾರೆ. ನಡುಕ ಬಂದಾಗ ಕೊಡ್ಬೇಕು."

"ಹೌದೌದು. ನರ್ಸು ನಿನ್ನ ಕಿವಿಯಲ್ಲಿ ಮಾತ್ರ ಹೇಳಿ ಹೋದದ್ದಾ? ನಿನ್ನ ಅಮ್ಮನಿಗೆ ಹೇಳಲಿಲ್ವಾ?"

ನೀರಿನ ಚೆಂಬು ಕೊಟ್ಟಳಂತೆ. ವಾರಿಜ ಚೆಂಬನ್ನು ಎತ್ತಿ ಅಂಗಳಕ್ಕೆ ಬಿಸಾಡಿದಳಂತೆ. ಯಾರಿಗೂ ಒಂದು ಎದುರು ಮಾತು ಆಡದ ಮಗು, "ಎಮ್ಮೆ! ನೀನೂ ಒಂದು ಎಮ್ಮೆ!" ಎಂದಳಂತೆ. ದೇಜಕ್ಕನಿಗೆ ಸಿಟ್ಟು ಬಂತು. ಸಿಟ್ಟು ಪೂರಾ ಬರುವುದರೊಳಗೆ ಮಗುವಿನ ಕಣ್ಣು ಮೇಲೆ ಹೋಯಿತು. ಬೆಲ್ಲದ ಡಬ್ಬಿ ಅವಳ ಬೆನ್ನ ಹಿಂದೆ, ಕೈಗೆ ಸಿಗುವಲ್ಲಿಯೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ನನ್ನ ಹೆದರಿಕೆ ಅಷ್ಟಿತ್ತು. ಮಗುವನ್ನು ಸೊಂಟಕ್ಕೆ ಹಾಕಿ, ಅಷ್ಟು ದೊಡ್ಡ ಜೀವ, ನಮ್ಮ ಮನೆಗೆ ಓಡಿ ಬಂದಳು.

"ಇಕೋ ನಿನ್ನ ಮಗು! ನಾನು ಏನೂ ಕೊಡಲಿಲ್ಲ! ಬೇಡಿದ್ರೂ ಕೊಡಲಿಲ್ಲ, ಅತ್ರೂ ಕೊಡಲಿಲ್ಲ!"

ಮಗು ಚಾಪೆಯ ಮೇಲೆ ಬಿತ್ತು. ಮೈ ಒದ್ದೆ ಬಟ್ಟೆ, ಕೈಕಾಲು ಸೆಟೆದು ಎಳೆಯುತ್ತಿತ್ತು. ನಾನು ಗಂಜಿ ತಂದೆ. ಹಲ್ಲು ಕಚ್ಚಿತ್ತು, ಗಂಜಿ ಕೆನ್ನೆಯ ಮೇಲೆ ಹರಿಯಿತು. ರಸ್ತೆ ಹಾರಿ ಮೋನು ಬ್ಯಾರಿಯ ಅಂಗಡಿಗೆ ಓಡಿದೆ. ಹತ್ತು ಹೆಜ್ಜೆಯೇ, ಸುಳ್ಳಲ್ಲ. ಅಂಗಡಿಗೆ ಹಲಗೆ ಹಾಕಿತ್ತು. ಶುಕ್ರವಾರ ಮಧ್ಯಾಹ್ನ ಬ್ಯಾರಿ ನಮಾಜಿಗೆ ಪಳ್ಳಿಗೆ ಹೋಗುತ್ತಾನೆಂದು ಊರಿನ ಕೋಳಿಗೂ ಗೊತ್ತು. ಆ ಹಲಗೆಯನ್ನು ನಾನು ಎರಡು ಕೈಯಿಂದ ಗುದ್ದಿದೆ. ಹಿಂದೆ ತಿರುಗಿದರೆ ನನ್ನ ಮನೆ. ಬೆಲ್ಲವಿಲ್ಲದ ಮನೆ, ನಾನೇ ಮಾಡಿದ್ದು.

ಒಳಗೆ ಬರುವಾಗ ಅತ್ತೆ ಮಗುವಿನ ಹತ್ತಿರ ಕೂತಿದ್ದರು. ಎಲೆ-ಅಡಿಕೆ ಪೆಟ್ಟಿಗೆ ಬಾಯಿ ತೆರೆದಿತ್ತು. ಮೇಲಿನ ತಟ್ಟೆ ತೆಗೆದು, ಹೊಗೆಸೊಪ್ಪಿನ ಅಡಿಯಿಂದ, ಒಣಗಿದ ಬಾಳೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ಹೊರಗೆ ಎಳೆದಿದ್ದರು. ಬೆಲ್ಲ. ಕೋಳಿಮೊಟ್ಟೆಯಷ್ಟು ದೊಡ್ಡ ಇಡೀ ತುಂಡು. ಅಡಕತ್ತರಿಯಲ್ಲಿ ಅದರ ಮೂಲೆ ಕತ್ತರಿಸಿ, ಎರಡು ಹನಿ ನೀರಿನಲ್ಲಿ ಅಂಗೈಯಲ್ಲೇ ತಿಕ್ಕಿ, ಬೆರಳಿನಿಂದ ಮಗುವಿನ ಕೆನ್ನೆಯ ಒಳಗೆ ಸವರುತ್ತಿದ್ದರು. ಅವರ ಬೆರಳು ನಡುಗುತ್ತಿತ್ತು. ಆದರೂ ಸವರಿದರು. ಪುನಃ ಕತ್ತರಿಸಿದರು, ತಿಕ್ಕಿದರು, ಸವರಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಗಟ್ಟಿ ಕೈಯವಳು ಅಂತ ಹೆಸರು ನನಗೆ.

ಎಷ್ಟು ಹೊತ್ತೆಂದು ಹೇಳಲಿಕ್ಕಾಗುವುದಿಲ್ಲ. ಮಗುವಿನ ನಾಲಗೆ ಬೆರಳನ್ನು ಹುಡುಕಿತು. ಆಮೇಲೆ ಚೀಪಿತು. ಆಮೇಲೆ ಕಣ್ಣು ತೆರೆದು, "ಅಜ್ಜಿ, ಹೊಗೆಸೊಪ್ಪು ನಾರ್ತದೆ," ಎಂದಿತು.

ಅತ್ತೆ ಸೆರಗಿನಿಂದ ಕೈ ಒರೆಸಿ, ಪೆಟ್ಟಿಗೆ ಮುಚ್ಚಿ, ನನ್ನ ಮುಖ ನೋಡಿದರು. "ಹೌದು, ಕಾಫಿಗೆ ಇಟ್ಟುಕೊಂಡದ್ದು. ಕದ್ದು ತಿಂತೇನೆ. ಈಗ ಬೈಯಿ, ನೋಡುವ."

ನಾನು ಬೈಯಲಿಲ್ಲ. ಗಂಜಿ ತಂದು ಮಗುವಿಗೆ ಕುಡಿಸಿದೆ. ಮೂಲೆಯಲ್ಲಿ ದೇಜಕ್ಕ ಕೂತು ಗೊಳೋ ಎಂದು ಅಳುತ್ತಿದ್ದಳು.

ಮಾರನೆಯ ದಿನ ಪುನಃ ಅದೇ ಹದಿನಾಲ್ಕು ಮನೆ ಹತ್ತಿದೆ. ಮೊದಲು ದೇಜಕ್ಕನದಕ್ಕೆ. ಜಗಲಿಯಲ್ಲಿ ಕೂತು, "ನೀರು ಕೊಡು," ಎಂದೆ. ಅವಳು ಬರಿಯ ಚೆಂಬು ತಂದಳು. "ಬೆಲ್ಲ ಎಲ್ಲಿ?" ಎಂದೆ. ತಂದಳು. ತಿಂದೆ. ತಿಂದು, ಎರಡನೆಯ ಮಾತು ಹೇಳಿದೆ: ಯಾವಾಗ ಕೊಡಬೇಕು, ಎಷ್ಟು ಬೇಗ ಕೊಡಬೇಕು, ಹಲ್ಲು ಕಚ್ಚಿದರೆ ಹೇಗೆ ಕೊಡಬೇಕು.

ಅವಳು ಪೂರಾ ಕೇಳಿದಳು. "ಮಗು ನನ್ನನ್ನು ಎಮ್ಮೆ ಅಂತ ಹೇಳಿದ್ದು ಸಕ್ಕರೆ ಕಡಿಮೆ ಆದದ್ದರಿಂದ ಅಲ್ವಾ?"

"ಹೌದು."

"ಹಾಗಾದ್ರೆ ಅವತ್ತು ನೀನು ನನ್ನ ಅಂಗಳದಲ್ಲಿ ನಿಂತು ಹೇಳಿದ್ದೆಲ್ಲ ಎಂಥ ಕಡಿಮೆ ಆದದ್ದರಿಂದ?"

"ಬುದ್ಧಿ," ಎಂದೆ.

ಇನ್ನೊಂದು ತುಂಡು ಬೆಲ್ಲ ಕೊಟ್ಟಳು. ಅದನ್ನೂ ತಿಂದೆ. ಹದಿನಾಲ್ಕು ಮನೆ ಮುಗಿಯುವಾಗ ನನ್ನ ಮೂತ್ರ ಕುದಿಸಿದ್ದರೆ ಹಂಚಿನ ಬಣ್ಣವೇ ಬರುತ್ತಿತ್ತು. ಊರಿನವರು ಎರಡು ಮಾತನ್ನೂ ಸರಿಯಾಗಿಯೇ ಇಟ್ಟುಕೊಂಡರು. ಮುಂದೆ ಒಬ್ಬರೂ ಸುಮ್ಮನೆ ಕೊಡಲಿಲ್ಲ. ಕೊಡಬೇಕಾದಾಗ ಎರಡು ಸಲ ಕೊಟ್ಟರು, ಒಂದು ಸಲ ದೇಜಕ್ಕನೇ. ನಾನು ಅವರನ್ನು ಮೂರ್ಖರೆಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ನನ್ನನ್ನೇ ಬಿಟ್ಟಿದ್ದೆ. ವಾರಿಜಳ ಲಂಗಕ್ಕೆ ಒಳಗಿನಿಂದ ಒಂದು ಜೇಬು ಹೊಲಿದು ಬೆಲ್ಲದ ತುಂಡು ಹಾಕಿದೆ. ಅವಳು ಅದನ್ನು ಒಂದು ದಿನವೂ ಕದ್ದು ತಿನ್ನಲಿಲ್ಲ. ತನ್ನದೇ ಆದದ್ದನ್ನು ಯಾರೂ ಕದಿಯುವುದಿಲ್ಲ.

ಅತ್ತೆ ಮತ್ತೆ ಒಂಬತ್ತು ವರ್ಷ ಇದ್ದರು. ಅವರು ಹೋಗುವಾಗ ವಾರಿಜ ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದಳು. ಈಗ ಅವಳು ಮೂಡಬಿದ್ರೆಯಲ್ಲಿದ್ದಾಳೆ, ರಿಟೈರ್ ಆಗುವ ಹತ್ತಿರ ಬಂದಳು. ಮದುವೆಯಾಗಿದೆ, ಒಬ್ಬ ಮಗ ಇದ್ದಾನೆ. ಕಣ್ಣು ಸ್ವಲ್ಪ ಮಂದ, ನಾಲಗೆ ನನ್ನಷ್ಟೇ ಚುರುಕು. ಆದಿತ್ಯವಾರ ಬಸ್ಸಿನಲ್ಲಿ ಒಬ್ಬಳೇ ಬರುತ್ತಾಳೆ, ಬ್ಯಾಗಿನಲ್ಲಿ ಪೆನ್ನಿನಂಥ ಸೂಜಿ, ಬೆರಳಿನ ರಕ್ತ ನೋಡುವ ಮಿಷನು, ಚಾಕೊಲೇಟು. ನನ್ನನ್ನು ನಂಬಿಕೊಂಡು ಅವಳೇನೂ ಇಲ್ಲ. ನನಗೂ ಈಗ ಸಕ್ಕರೆ ಉಂಟಂತೆ, ಮುದುಕರ ಸಕ್ಕರೆ, ಮಾತ್ರೆಯಲ್ಲಿ ಮುಗಿಯುವಂಥದ್ದು. ಮಗಳು ಮೊದಲೇ ನಡೆದ ದಾರಿಯಲ್ಲಿ ತಾಯಿ ಹಿಂದಿನಿಂದ ಬಂದ ಹಾಗಾಯಿತು.

ಇಷ್ಟು ಬರೆಯುವಾಗ ಮಧ್ಯಾಹ್ನ ಆಯಿತು. ಶಶಿ ಚಾಕ್ ಹಿಡಿದುಕೊಂಡು ಬಂದೇಬಿಟ್ಟಳು. ಮಂಚದ ಅಡಿಗೆ ಬಗ್ಗಿ, ಇರುವೆಯ ಸಾಲು ಹಿಡಿದು ಹೋಗಿ, ನನ್ನ ಅತ್ತೆಯ ಹಳೆಯ ಎಲೆ-ಅಡಿಕೆ ಪೆಟ್ಟಿಗೆಯನ್ನು ಹೊರಗೆ ಎಳೆದಳು. ನಾನು ಎಲೆ ಹಾಕುವವಳಲ್ಲ ಎಂದು ಅವಳಿಗೆ ಗೊತ್ತುಂಟು. ತೆರೆದಳು. ತಟ್ಟೆ ಎತ್ತಿದಳು.

"ಅತ್ತೆ! ಎಂಥ ಇದು? ಬೆಲ್ಲ! ಡಾಕ್ಟರು ನಿಮಗೆ ಎಂಥ ಹೇಳಿದ್ದಾರೆ? ಈ ಪ್ರಾಯದಲ್ಲಿ ಕದ್ದು ತಿನ್ನುವುದಾ? ನಾಳೆ ವಾರಿಜ ಅತ್ತಿಗೆ ಬರ್ಲಿ, ಹೇಳ್ತೇನೆ."

ಸತ್ಯ ಹೇಳಲು ಬಾಯಿ ತೆರೆದೆ. ವಾರಿಜ ಬರುವ ಮನೆಯಲ್ಲಿ, ಅವಳು ಕೂರುವಲ್ಲಿಂದ ಕೈಗೆ ಸಿಗುವಷ್ಟು ದೂರದಲ್ಲಿ, ಇಷ್ಟು ವರ್ಷದಿಂದ ಒಂದು ತುಂಡು ಬೆಲ್ಲ ಇರುತ್ತದೆ. ಹಳತಾದರೆ ಬದಲಿಸುತ್ತೇನೆ. ಒಂದು ಚೂರೂ ನಾನು ಬಾಯಿಗೆ ಹಾಕಿದವಳಲ್ಲ. ಇದನ್ನು ಶಶಿಗೆ ಹೇಳಿದರೆ ಅವಳ ಕಣ್ಣಲ್ಲಿ ನೀರು ಬರುತ್ತದೆ, ನಾಳೆ ವಾರಿಜಳಿಗೆ ಹೇಳುತ್ತಾಳೆ. ಇಷ್ಟು ಪ್ರಾಯದವಳಿಗೆ, ತನ್ನ ತಾಯಿ ಇನ್ನೂ ತಾನು ಬೀಳುವುದನ್ನು ಕಾಯುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಗಟ್ಟಿಯಾಗಿ ನಡೆಯುವವಳ ಹಿಂದೆ ಹಾಸಿಗೆ ಹೊತ್ತುಕೊಂಡು ಹೋದ ಹಾಗೆ. ಅದಕ್ಕಿಂತ ನಾನು ಕಳ್ಳಿಯಾಗುವುದು ಒಳ್ಳೆಯದು.

ಆಗಲೇ ನನಗೆ ನನ್ನ ಅತ್ತೆಯ ಆ ದಿನದ ಮಾತು ನೆನಪಾಯಿತು. ಅತ್ತೆಗೆ ಹಲ್ಲು ಇರಲಿಲ್ಲ. ಬೆಲ್ಲವನ್ನು ಕಚ್ಚಲಿಕ್ಕಾಗದು, ಹೆರೆದೇ ತಿನ್ನಬೇಕು. ಆ ದಿನ ಬಾಳೆಲೆಯಲ್ಲಿ ಇದ್ದದ್ದು ಇಡೀ ತುಂಡು, ಹೆರೆದ ಗುರುತು ಒಂದೂ ಇರಲಿಲ್ಲ. ಕಣ್ಣಿನಿಂದ ನೋಡಿದ್ದೇನೆ, ಮೊದಲ ಮೂಲೆ ಕತ್ತರಿಸಿದ್ದೇ ಆ ದಿನ. ನರ್ಸು ಬಾಯಿ ಎರಡನೆಯ ಮಾತು ಹೇಳುವಾಗ ಕಿಟಕಿಯ ಕೆಳಗೆ ಸುಣ್ಣ ಹುಡುಕುತ್ತಿದ್ದವರು ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಹತ್ತಿರ ವಾದ ಮಾಡಿ ಗೆಲ್ಲಲಿಕ್ಕಿಲ್ಲವೆಂದು ಗೊತ್ತಿದ್ದು, ಕಹಿ ಕಾಫಿ ಕುಡಿದು, ಕಳ್ಳಿಯೆಂಬ ಹೆಸರು ತಾನೇ ಇಟ್ಟುಕೊಂಡು ಹೋದರು. ಇಷ್ಟು ತಿಳಿಯಲು ನನಗೆ ಐವತ್ತು ವರ್ಷ ಹಿಡಿಯಿತು. ಮೂರನೇ ಕ್ಲಾಸಿನವಳಿಗೆ ಅದು ಹೆಚ್ಚಲ್ಲ.

"ಹೌದು, ತಿಂತೇನೆ," ಎಂದೆ ಶಶಿಗೆ. "ಈಗ ಬೈಯಿ, ನೋಡುವ."

ಅವಳು ಚೆನ್ನಾಗಿಯೇ ಬೈದಳು. ಬೆಲ್ಲ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹೋಗಲಿ. ಇರುವೆಗೆ ಇನ್ನೂ ಗೊತ್ತಾಗದ ಜಾಗ ಈ ಕೋಣೆಯಲ್ಲಿ ಇನ್ನೊಂದುಂಟು.